ಪ್ರಗತಿ ಟಿಪ್ಪಣಿ: ಎಷ್ಟು ಬರೆಯಬೇಕು, ಏನನ್ನು ಬಿಡಬೇಕು?

ಹೊಸಬಳು

ಎಲ್ಲರಿಗೂ ನಮಸ್ಕಾರ. ಆಪ್ತಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿಲ್ಲ. ಸೆಷನ್ ನಡೆಸುವುದು ಹೇಗೆಂದು ಓದುವಾಗ ಹೇಳಿಕೊಟ್ಟರು. ಅದು ಮುಗಿದ ಮೇಲೆ ಫೈಲಿನಲ್ಲಿ ಪ್ರಗತಿ ಟಿಪ್ಪಣಿ ಎಂದು ಏನು ಬರೆಯಬೇಕೆಂದು ಯಾರೂ ಹೇಳಿಕೊಡಲಿಲ್ಲ.

ನಮ್ಮಲ್ಲಿ ಇಬ್ಬರು ಹಿರಿಯರಿದ್ದಾರೆ. ಒಬ್ಬರು ಪ್ರತಿ ಸೆಷನ್‌ಗೂ ಎರಡು ಪುಟ ತುಂಬಿಸುತ್ತಾರೆ. "ಬರೆಯದಿದ್ದರೆ ನಡೆದೇ ಇಲ್ಲ ಎಂದು ಲೆಕ್ಕ" ಎನ್ನುವುದು ಅವರ ಮಾತು. ಇನ್ನೊಬ್ಬರದು ಎರಡೇ ಸಾಲು. "ಬರೆದಷ್ಟೂ ಸಿಕ್ಕಿಬೀಳುತ್ತೀಯ" ಎನ್ನುತ್ತಾರೆ. ಇಬ್ಬರೂ ಅನುಭವಸ್ಥರು, ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಇಬ್ಬರ ಮಾತನ್ನೂ ಒಟ್ಟಿಗೆ ಪಾಲಿಸಲು ಆಗುವುದಿಲ್ಲವಲ್ಲ?

ಅಭ್ಯಾಸಕ್ಕೆಂದು ಒಬ್ಬ ವ್ಯಕ್ತಿಯನ್ನು ಕಲ್ಪಿಸಿಕೊಂಡು ಒಂದು ಟಿಪ್ಪಣಿ ಬರೆದಿದ್ದೇನೆ:

"ರೋಗಿ ಬೇಸರದಲ್ಲಿದ್ದರು. ಕುಟುಂಬದ ಸಮಸ್ಯೆಗಳ ಬಗ್ಗೆ ಮಾತನಾಡಿದರು. ಧೈರ್ಯ ತುಂಬಲಾಯಿತು. ಆತ್ಮಹತ್ಯೆಯ ಆಲೋಚನೆ ಇಲ್ಲ. ಚಿಕಿತ್ಸೆ ಮುಂದುವರಿಸುವುದು."

ಇದಕ್ಕೆ ನೀವು ಏನು ಹೇಳುತ್ತೀರಿ? ಮುಲಾಜಿಲ್ಲದೆ ಹೇಳಿ.

ಮರುಓದು

ಮುಲಾಜಿಲ್ಲದೆ ಎಂದು ನೀವೇ ಕೇಳಿದ್ದೀರಿ, ಮೇಡಂ. ಈ ಐದು ವಾಕ್ಯಗಳನ್ನು ಕಪಾಟಿನಲ್ಲಿರುವ ಯಾವ ಫೈಲಿಗೆ ಅಂಟಿಸಿದರೂ ಒಪ್ಪುತ್ತವೆ. ತೊಂದರೆ ಇರುವುದು ಅಲ್ಲಿ, ಉದ್ದದಲ್ಲಿ ಅಲ್ಲ.

ನಾನು ಮನೋವೈದ್ಯ. ಬೇರೆಯವರು ಬರೆದ ಫೈಲುಗಳನ್ನು ಪರಿಶೀಲಿಸುವುದು ನನ್ನ ಕೆಲಸದ ಒಂದು ಭಾಗ. ಓದುವಾಗ ನಾನು ಒಬ್ಬ ಡ್ಯೂಟಿ ಡಾಕ್ಟರನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ರಾತ್ರಿ ಎರಡು ಗಂಟೆ. ಈ ವ್ಯಕ್ತಿಯನ್ನು ಆತ ಹಿಂದೆ ನೋಡಿಲ್ಲ, ನಿಮ್ಮ ಫೋನ್ ಸ್ವಿಚ್ ಆಫ್ ಆಗಿದೆ. ನಿಮ್ಮ ಟಿಪ್ಪಣಿಯಿಂದ ಆತನಿಗೆ ಏನು ತಿಳಿಯುತ್ತದೆ? ಬೇಸರ ಎಷ್ಟು, ಎಂದಿನಿಂದ, ಹಿಂದಿನ ಬಾರಿಗಿಂತ ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ. ಆತ್ಮಹತ್ಯೆಯ ಬಗ್ಗೆ ನೀವು ಕೇಳಿ ಅವರು ಇಲ್ಲವೆಂದರೋ ಅಥವಾ ನೀವು ಕೇಳಲೇ ಇಲ್ಲವೋ ಅದೂ ತಿಳಿಯುವುದಿಲ್ಲ. "ಧೈರ್ಯ ತುಂಬಲಾಯಿತು" ಎಂದರೆ ನೀವು ನಿಜವಾಗಿ ಮಾಡಿದ್ದೇನು?

ಅದೇ ಕಾಲ್ಪನಿಕ ವ್ಯಕ್ತಿಗೆ ನಾನು ಹೀಗೆ ಬರೆಯುತ್ತಿದ್ದೆ:

"ಮಧ್ಯಾಹ್ನ 3.00ರಿಂದ 3.50. ಆರನೇ ಸೆಷನ್, ಒಬ್ಬರೇ ಬಂದಿದ್ದರು. 'ಬೆಳಿಗ್ಗೆ ಏಳುವುದಕ್ಕೇ ಮನಸ್ಸಾಗುವುದಿಲ್ಲ' ಎಂದರು. ಎರಡು ವಾರಗಳಲ್ಲಿ ನಾಲ್ಕು ದಿನ ಕೆಲಸಕ್ಕೆ ಹೋಗಿಲ್ಲ. ರಾತ್ರಿ ನಾಲ್ಕು ಗಂಟೆ ನಿದ್ರೆ, ಬೆಳಗಿನ ಜಾವ ಎಚ್ಚರ. ಮಾತು ನಿಧಾನ, ದನಿ ತಗ್ಗು. ಮಗಳ ವಿಷಯ ಬಂದಾಗ ಮಾತ್ರ ಮುಖ ಅರಳಿತು. ಪಿಎಚ್‌ಕ್ಯೂ-9 (ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ) ಅಂಕ 18, ಹಿಂದಿನ ಬಾರಿ 12. ಸಾವಿನ ಆಲೋಚನೆಯ ಬಗ್ಗೆ ಕೇಳುವ ಒಂಬತ್ತನೇ ಪ್ರಶ್ನೆಗೆ 'ಕೆಲವು ದಿನ' ಎಂದು ಗುರುತು ಹಾಕಿದ್ದರಿಂದ ನೇರವಾಗಿ ಕೇಳಲಾಯಿತು. 'ಮಲಗಿದವಳು ಏಳದೇ ಇದ್ದರೆ ಚೆನ್ನ ಎನಿಸುತ್ತದೆ, ನಾನಾಗಿ ಏನೂ ಮಾಡಿಕೊಳ್ಳುವುದಿಲ್ಲ' ಎಂದರು. ಯೋಜನೆ, ಸಿದ್ಧತೆ, ಹಿಂದಿನ ಪ್ರಯತ್ನ, ಮದ್ಯ: ಒಂದೊಂದಾಗಿ ಕೇಳಿದಾಗ ಇಲ್ಲವೆಂದರು. ಮನೆಯಲ್ಲಿ ಹಳೆಯ ನಿದ್ರೆ ಮಾತ್ರೆಗಳು ಉಳಿದಿವೆ. ಅವನ್ನು ಅಕ್ಕನ ಕೈಗೆ ಕೊಡಲು ಒಪ್ಪಿದರು. ಅವರ ಅನುಮತಿ ಪಡೆದು, ಅವರ ಎದುರಿಗೇ ಅಕ್ಕನಿಗೆ ಫೋನ್ ಮಾಡಲಾಯಿತು.

ಅಂದಾಜು: ಖಿನ್ನತೆ ಹೆಚ್ಚಿದೆ. ಸಾವಿನ ಬಯಕೆ ಇದೆ, ಉದ್ದೇಶ ಮತ್ತು ಯೋಜನೆ ಕಂಡುಬಂದಿಲ್ಲ. ದಾಖಲು ಮಾಡಿಕೊಳ್ಳುವುದನ್ನು ಯೋಚಿಸಲಾಯಿತು. ಅಕ್ಕ ಜೊತೆಗಿದ್ದಾರೆ, ಮಾತ್ರೆಗಳು ಕೈಗೆ ಸಿಗದಂತಾಗುತ್ತವೆ, ಅವರೇ ನೆರವು ಕೇಳುತ್ತಿದ್ದಾರೆ. ಆದ್ದರಿಂದ ಸದ್ಯ ಹೊರರೋಗಿಯಾಗಿಯೇ ಮುಂದುವರಿಸುವುದು ಸರಿ ಎನಿಸಿತು.

ಮುಂದೆ: ಸುರಕ್ಷತಾ ಯೋಜನೆಯನ್ನು ಅವರ ಜೊತೆ ಕುಳಿತು ಬರೆದು ಪ್ರತಿ ಕೊಡಲಾಗಿದೆ. ಔಷಧ ಮರುಪರಿಶೀಲನೆಗಾಗಿ ಮನೋವೈದ್ಯರೊಂದಿಗೆ ಇಂದೇ ಮಾತನಾಡಲಾಗಿದೆ. ಮೂರು ದಿನಗಳಲ್ಲಿ ಭೇಟಿ. ಬರದಿದ್ದರೆ ಅದೇ ದಿನ ಫೋನ್. ಉದ್ದೇಶ ಅಥವಾ ಯೋಜನೆಯ ಮಾತು ಬಂದರೆ ದಾಖಲಾತಿ ಮತ್ತೆ ಯೋಚಿಸುವುದು."

ಇದರಲ್ಲಿ ಯಾವ ಸಾಲನ್ನಾದರೂ ಬಿಡಿ, "ದಾಖಲು ಮಾಡಿಕೊಳ್ಳುವುದನ್ನು ಯೋಚಿಸಲಾಯಿತು" ಎಂಬಲ್ಲಿಂದ "ಸರಿ ಎನಿಸಿತು" ಎಂಬವರೆಗಿನದನ್ನು ಬಿಡಬೇಡಿ. ಯಾವ ದಾರಿಗಳಿದ್ದವು, ಒಂದನ್ನು ಏಕೆ ಬಿಟ್ಟಿರಿ, ಇನ್ನೊಂದನ್ನು ಏಕೆ ಹಿಡಿದಿರಿ ಎಂಬುದು ನಿಮ್ಮ ತಲೆಯಲ್ಲಿ ಮಾತ್ರ ಉಳಿದರೆ ಅದು ಯಾರಿಗೂ ಉಪಯೋಗವಿಲ್ಲ. ಆರು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ.

ಹೊಸಬಳು

ಸರ್, ತುಂಬಾ ಧನ್ಯವಾದ. ಆದರೆ ಇಷ್ಟು ಬರೆಯಲು ಹೊತ್ತು ಎಲ್ಲಿದೆ? ಒಬ್ಬರು ಹೊರಗೆ ಹೋಗುವಷ್ಟರಲ್ಲಿ ಇನ್ನೊಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ.

ಮರುಓದು

ಎಲ್ಲ ಸೆಷನ್‌ಗೂ ಇಷ್ಟು ಬೇಕಾಗಿಲ್ಲ. ಅಪಾಯದ ಅಂದಾಜು ಬದಲಾದ ದಿನ, ಚಿಕಿತ್ಸೆಯ ದಾರಿ ಬದಲಾದ ದಿನ, ಯಾರಾದರೂ ಮಧ್ಯೆ ಬಿಟ್ಟುಹೋದ ದಿನ ಉದ್ದ ಬರೆಯಿರಿ. ಏನೂ ಬದಲಾಗದ ದಿನ ಆರು ಸಾಲು ಸಾಕು. ಎಲ್ಲ ದಿನಗಳ ಟಿಪ್ಪಣಿಯೂ ಒಂದೇ ಅಳತೆಯಲ್ಲಿದ್ದರೆ ನನಗೆ ಮೊದಲು ಅನುಮಾನ ಬರುವುದೇ ಅಲ್ಲಿ.

ಚುಟುಕು

ಎರಡು ಸಾಲಿನವರ ಪರ ಯಾರಾದರೂ ಮಾತನಾಡಬೇಕಲ್ಲ, ನಾನು ಮಾತನಾಡುತ್ತೇನೆ. ಮನಶ್ಶಾಸ್ತ್ರಜ್ಞೆ, ಸ್ವಂತ ಕ್ಲಿನಿಕ್.

ಮರುಓದು ಅವರ ಮಾದರಿ ಅಪಾಯದ ದಿನಕ್ಕೆ ಸರಿ. ಆದರೆ ನಮ್ಮ ಮುಂದೆ ಜನ ಹೇಳಿಕೊಳ್ಳುವುದು ನಿದ್ರೆ ಎಷ್ಟು ಗಂಟೆ ಎಂಬುದನ್ನಷ್ಟೇ ಅಲ್ಲ. ವಿವಾಹೇತರ ಸಂಬಂಧ, ಬಾಲ್ಯದಲ್ಲಿ ಯಾರು ಏನು ಮಾಡಿದರು, ಯಾರಿಗೂ ಹೇಳದ ಕನಸುಗಳು, ಅತ್ತೆಯ ಬಗ್ಗೆ ಬಾಯಿಗೆ ಬಂದ ಮಾತು. ಫೈಲು ನಮ್ಮ ಕಪಾಟಿನಲ್ಲೇ ಇರುತ್ತದೆ ಎನ್ನುವುದು ಭ್ರಮೆ. ವಿಮಾ ಕಂಪನಿ ಕೇಳುತ್ತದೆ. ವಿಚ್ಛೇದನದ ಪ್ರಕರಣದಲ್ಲಿ ಎದುರಿನ ವಕೀಲರು ಕೇಳುತ್ತಾರೆ. ಬೇರೆ ಊರಿನ ಆಸ್ಪತ್ರೆಗೆ ಹೋದರೆ ಫೈಲೂ ಜೊತೆಗೆ ಹೋಗುತ್ತದೆ. ನಾನು "ದಾಂಪತ್ಯದಲ್ಲಿನ ಸಂಘರ್ಷದ ಬಗ್ಗೆ ಮಾತನಾಡಿದರು" ಎಂದು ಬರೆಯುತ್ತೇನೆ. ಅದರಾಚೆಗೆ ಒಂದು ಅಕ್ಷರವೂ ಇಲ್ಲ. ಅದು ಸೋಮಾರಿತನ ಅಲ್ಲ.

ಮರುಓದು

ಒಪ್ಪುತ್ತೇನೆ, ಅರ್ಧ. ಯಾರ ಜೊತೆ, ಎಲ್ಲಿ, ಯಾವಾಗ ಎಂಬ ಕಥೆ ಪ್ರಗತಿ ಟಿಪ್ಪಣಿಗೆ ಬೇಡ. ಆದರೆ ಆ ಸಂಘರ್ಷದಿಂದ ಮನೆಯಲ್ಲಿ ಹೊಡೆತ ಬೀಳುತ್ತಿದೆ ಎಂದಾದರೆ ಅದು ಬೇಕು. ಸಂಬಂಧ ಬಯಲಾದರೆ ಬದುಕಿರುವುದಿಲ್ಲ ಎಂದು ಆ ವ್ಯಕ್ತಿ ಹೇಳಿದ್ದರೆ ಅದಂತೂ ಬೇಕೇ ಬೇಕು. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ವಿವರವಿಲ್ಲದೆ ನನ್ನ ನಿರ್ಧಾರ ಅರ್ಥವಾಗುತ್ತದೆಯೇ? ಅರ್ಥವಾಗುವುದಾದರೆ ಬಿಡುತ್ತೇನೆ.

ಕರಿಕೋಟು

ವಕೀಲ. ವೈದ್ಯಕೀಯ ಪ್ರಕರಣಗಳಲ್ಲಿ ಎರಡೂ ಕಡೆ ನಿಂತಿದ್ದೇನೆ, ಆದ್ದರಿಂದ ಯಾರ ಪರವೂ ಅಲ್ಲ ಎಂದುಕೊಳ್ಳಿ.

ಚುಟುಕು ಅವರು ಹೇಳಿದ ಭಯಕ್ಕೆ ಕೆಲವು ಕಡೆ ಕಾನೂನೇ ಒಂದು ದಾರಿ ಮಾಡಿಕೊಟ್ಟಿದೆ. ಅಮೆರಿಕದಲ್ಲಿ ರೋಗಿಗಳ ಮಾಹಿತಿಯ ಗೋಪ್ಯತೆ ಕಾಪಾಡುವ ಹಿಪ್ಪಾ ನಿಯಮಗಳು 'ಮನೋಚಿಕಿತ್ಸಾ ಟಿಪ್ಪಣಿ' ಎಂಬ ಬೇರೆ ವರ್ಗವನ್ನೇ ಇಟ್ಟಿವೆ. ಸೆಷನ್‌ನಲ್ಲಿ ನಡೆದ ಮಾತುಕತೆಯ ವಿಶ್ಲೇಷಣೆ ಅದರಲ್ಲಿರಬಹುದು. ಮುಖ್ಯ ದಾಖಲೆಯಿಂದ ಬೇರೆಯಾಗಿಯೇ ಇಟ್ಟಿದ್ದರೆ ಅದಕ್ಕೆ ಹೆಚ್ಚಿನ ರಕ್ಷಣೆ. ಆದರೆ ಔಷಧ, ಸೆಷನ್ ಆರಂಭವಾದ ಮತ್ತು ಮುಗಿದ ಸಮಯ, ಚಿಕಿತ್ಸೆಯ ವಿಧಾನ, ಪರೀಕ್ಷೆಗಳ ಫಲಿತಾಂಶ, ರೋಗನಿರ್ಣಯ, ಲಕ್ಷಣಗಳು, ಚಿಕಿತ್ಸಾ ಯೋಜನೆ, ಪ್ರಗತಿಯ ಸಾರಾಂಶ ಇವು ಆ ವರ್ಗಕ್ಕೆ ಸೇರುವುದಿಲ್ಲ. ಅಂದರೆ ಕಥೆಯನ್ನು ಬೇರೆ ಇಡಬಹುದು, ನಿರ್ಧಾರವನ್ನು ಬಚ್ಚಿಡುವಂತಿಲ್ಲ.

ಎಲ್ಲ ದೇಶಗಳಲ್ಲೂ ಈ ವಿಂಗಡಣೆ ಇಲ್ಲ. ನಿಮ್ಮ ಕಾನೂನು ಏನು ಹೇಳುತ್ತದೆ ಎಂದು ನೋಡಿಕೊಳ್ಳದೆ "ಇದು ನನ್ನ ಖಾಸಗಿ ಡೈರಿ" ಎಂದು ಬರೆಯಲು ಕೂರಬೇಡಿ. ನ್ಯಾಯಾಲಯ ತರಿಸಿಕೊಂಡರೆ ಡೈರಿಯೂ ದಾಖಲೆಯೇ.

ಇನ್ನು ಎರಡು ಪುಟದವರ ವಿಷಯ. ಪಾಟೀಸವಾಲಿನಲ್ಲಿ ನನಗೆ ಅತಿ ಸುಲಭವಾಗಿ ಸಿಗುವುದು ಉದ್ದನೆಯ ಟಿಪ್ಪಣಿಯೂ ಅಲ್ಲ, ಚಿಕ್ಕದೂ ಅಲ್ಲ. ಹಿಂದಿನ ದಿನದ್ದನ್ನೇ ಕಾಪಿ ಮಾಡಿ ಅಂಟಿಸಿದ್ದು. ಮಂಗಳವಾರ "ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿದರು, ನಿದ್ರೆ ಚೆನ್ನಾಗಿದೆ". ಬುಧವಾರವೂ ಅದೇ. ಗುರುವಾರ ವ್ಯಕ್ತಿ ಆಸ್ಪತ್ರೆಗೇ ಬಂದಿಲ್ಲ, ಆದರೂ ಫೈಲಿನಲ್ಲಿ ಅವರು ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿದ್ದಾರೆ! ಆ ಒಂದು ಸಾಲು ಸಾಕು, ಉಳಿದ ನೂರು ಸತ್ಯವಾದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ಸಂಜೆಪಾಳಿ

ವಕೀಲರೇ, ನಿಮ್ಮ ಗುರುವಾರದ ಉದಾಹರಣೆ ಓದಿ ಇಲ್ಲಿ ಮೂವರು ನಕ್ಕೆವು, ಒಬ್ಬರು ನಗಲಿಲ್ಲ.

ಆಚೆಕುರ್ಚಿ

ನಾನು ವೈದ್ಯನೂ ಅಲ್ಲ, ವಕೀಲನೂ ಅಲ್ಲ. ಮೇಜಿನ ಆಚೆ ಬದಿಯಲ್ಲಿ ಕೂರುವವನು. ಬರೆಯಬಹುದೇ?

ನನ್ನ ಫೈಲಿನ ಪ್ರತಿ ಕೇಳಿ ಪಡೆದು ಓದಿದ್ದೇನೆ. ಒಂದು ಕಡೆ "ಔಷಧಕ್ಕೆ ಅಸಹಕಾರ" ಎಂದಿತ್ತು. ನಾನು ಮಾತ್ರೆ ನಿಲ್ಲಿಸಿದ್ದು ನಿಜ. ಕೈ ಎಷ್ಟು ನಡುಗುತ್ತಿತ್ತೆಂದರೆ ಸಹಿ ಹಾಕಲು ಬರುತ್ತಿರಲಿಲ್ಲ, ಬ್ಯಾಂಕಿನಲ್ಲಿ ಸಹಿ ಹೊಂದುವುದಿಲ್ಲ ಎಂದು ಚೆಕ್ ವಾಪಸ್ ಮಾಡಿದ್ದರು. ಇದನ್ನು ಅಲ್ಲಿ ಹೇಳಿಯೂ ಇದ್ದೆ. ನಡುಕದ ಮಾತು ಫೈಲಿನಲ್ಲಿ ಎಲ್ಲೂ ಇಲ್ಲ. "ಅಸಹಕಾರ" ಮಾತ್ರ ಇದೆ. ಮುಂದಿನ ಡಾಕ್ಟರ್ ಅದನ್ನೇ ಎತ್ತಿ ಬರೆದಿದ್ದಾರೆ, ಅವರ ಮುಂದಿನವರೂ. ಈಗ ಎಲ್ಲಿಗೆ ಹೋದರೂ ನನಗಿಂತ ಮೊದಲು ಆ ಪದ ಒಳಗೆ ಹೋಗಿ ಕುಳಿತಿರುತ್ತದೆ.

ನೀವೆಲ್ಲ ನ್ಯಾಯಾಲಯದಲ್ಲಿ ನಿಲ್ಲುವ ಟಿಪ್ಪಣಿಯ ಬಗ್ಗೆ ಮಾತನಾಡುತ್ತಿದ್ದೀರಿ. ನಾನು ಓದಿದರೆ ನಿಲ್ಲುತ್ತದೆಯೇ ಎಂದೂ ನೋಡಿ.

ವಾರ್ಡ್ ಹಕ್ಕಿ

ಆಚೆಕುರ್ಚಿ ಅವರೇ, ಖಂಡಿತ ಬರೆಯಿರಿ. ನಿಮ್ಮಂಥವರು ಬರೆಯದಿದ್ದರೆ ನಾವು ನಾವೇ ಮಾತನಾಡಿಕೊಳ್ಳುತ್ತಿರುತ್ತೇವೆ.

ಮನೋರೋಗ ವಾರ್ಡಿನಲ್ಲಿ ನರ್ಸ್ ನಾನು. ನಿಮಗಾದದ್ದಕ್ಕೆ ಹತ್ತಿರದ ಒಂದು ಅಧ್ಯಯನವಿದೆ, 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಕುಡಗೋಲು ಕಣ ರೋಗ (ಸಿಕಲ್ ಸೆಲ್, ತೀವ್ರ ನೋವು ತರುವ ರಕ್ತದ ಕಾಯಿಲೆ) ಇರುವ ಒಬ್ಬ ಕಾಲ್ಪನಿಕ ರೋಗಿಯ ಬಗ್ಗೆ ಎರಡು ಟಿಪ್ಪಣಿ ಸಿದ್ಧಪಡಿಸಿದ್ದರು. ವೈದ್ಯಕೀಯ ಸಂಗತಿ ಎರಡರಲ್ಲೂ ಒಂದೇ. ಒಂದರ ಭಾಷೆ ತಟಸ್ಥ, ಇನ್ನೊಂದರಲ್ಲಿ ರೋಗಿಯ ಬಗ್ಗೆ ಹಗುರವಾದ ಮಾತು. ಎರಡನೆಯದನ್ನು ಓದಿದ ವೈದ್ಯ ವಿದ್ಯಾರ್ಥಿಗಳಿಗೆ ಮತ್ತು ತರಬೇತಿಯಲ್ಲಿದ್ದ ವೈದ್ಯರಿಗೆ ರೋಗಿಯ ಮೇಲೆ ಒಳ್ಳೆಯ ಭಾವನೆ ಕಡಿಮೆಯಾಯಿತು, ಅಷ್ಟೇ ಅಲ್ಲ, ನೋವಿಗೆ ಕೊಡುವ ಚಿಕಿತ್ಸೆಯಲ್ಲೂ ಅವರು ಕೈ ಬಿಗಿಹಿಡಿದರು. ಮನೋರೋಗದ್ದಲ್ಲದ ಫೈಲಿನಲ್ಲೇ ಹೀಗಾದರೆ ನಮ್ಮ ಫೈಲುಗಳಲ್ಲಿ ಹೇಗಿದ್ದೀತು?

ನರ್ಸಿಂಗ್ ಟಿಪ್ಪಣಿಯಲ್ಲಿ ನಾನು ಕಿರಿಯರಿಗೆ ಹೇಳುವುದು: ತೀರ್ಪು ಬೇಡ, ಕಂಡದ್ದನ್ನು ಬರೆಯಿರಿ. "ಆಕ್ರಮಣಕಾರಿಯಾಗಿ ವರ್ತಿಸಿದರು" ಎಂದರೆ ಏನೂ ಹೇಳಿದಂತಾಗಲಿಲ್ಲ. "ಸಂಜೆ 6.40ಕ್ಕೆ ಫೋನ್ ಕೊಡಲಾಗದು ಎಂದಾಗ ಊಟದ ತಟ್ಟೆಯನ್ನು ಗೋಡೆಗೆ ಎಸೆದರು. ಯಾರಿಗೂ ತಗಲಲಿಲ್ಲ. ಐದು ನಿಮಿಷದಲ್ಲಿ ತಾವೇ ಬಂದು ಕುಳಿತರು, ಮನೆಯಿಂದ ಎರಡು ದಿನ ಯಾರೂ ಕರೆ ಮಾಡಿಲ್ಲ ಎಂದರು." ಇದನ್ನು ಓದಿದವರಿಗೆ ಮುಂದೆ ಏನು ಮಾಡಬೇಕೆಂದು ಹೊಳೆಯುತ್ತದೆ. "ರಾತ್ರಿ ಚೆನ್ನಾಗಿ ನಿದ್ರಿಸಿದರು" ಎನ್ನುವುದೂ ಹಾಗೆಯೇ. ನನಗೆ ಹೇಗೆ ಗೊತ್ತು ಚೆನ್ನಾಗಿ ನಿದ್ರಿಸಿದರೆಂದು? 11ರ ಸುತ್ತಿನಲ್ಲೂ 1ರ ಸುತ್ತಿನಲ್ಲೂ ಕಣ್ಣು ಮುಚ್ಚಿ ಮಲಗಿದ್ದರು, 3ರ ಸುತ್ತಿನಲ್ಲಿ ಹಾಸಿಗೆಯ ಮೇಲೆ ಕುಳಿತಿದ್ದರು. ನನಗೆ ಗೊತ್ತಿರುವುದು ಅಷ್ಟೇ.

ಚುಟುಕು

1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ರೋಸೆನ್‌ಹಾನ್ ಪ್ರಕಟಿಸಿದ ಪ್ರಯೋಗ ನೆನಪಾಯಿತು. ಆರೋಗ್ಯವಾಗಿದ್ದವರು ದನಿ ಕೇಳಿಸುತ್ತದೆ ಎಂದು ಹೇಳಿ ಮನೋರೋಗ ಆಸ್ಪತ್ರೆಗೆ ದಾಖಲಾಗಿ, ಒಳಗೆ ಸುಮ್ಮನೆ ನೋಡಿದ್ದನ್ನು ಗುರುತು ಹಾಕಿಕೊಳ್ಳುತ್ತಿದ್ದರಂತೆ. ಅದನ್ನು ನರ್ಸ್ "ಬರೆಯುವ ವರ್ತನೆಯಲ್ಲಿ ತೊಡಗಿದ್ದಾರೆ" ಎಂದು ದಾಖಲಿಸಿದ್ದರು. ಆ ಪ್ರಯೋಗದ ಪ್ರಾಮಾಣಿಕತೆಯ ಬಗ್ಗೆ ಈಚೆಗೆ ಗಂಭೀರ ಪ್ರಶ್ನೆಗಳು ಎದ್ದಿವೆ, ಆದ್ದರಿಂದ ಅದನ್ನು ಸಾಕ್ಷ್ಯವೆಂದು ಮುಂದಿಡುತ್ತಿಲ್ಲ. ಆದರೂ ಆ ಧಾಟಿಯ ವಾಕ್ಯಗಳನ್ನು ಇಂದಿಗೂ ಫೈಲುಗಳಲ್ಲಿ ನೋಡುತ್ತೇನೆ. ಚಳಿಯಾಗಿ ಹೊದ್ದುಕೊಂಡರೆ "ಹಿಂಜರಿತ", ಪ್ರಶ್ನೆ ಕೇಳಿದರೆ "ಸಂಶಯ ಪ್ರವೃತ್ತಿ".

ಮರುಓದು

ಆಚೆಕುರ್ಚಿ ಅವರ ಮಾತಿಗೆ: ಔಷಧದ ಸಾಲು "ಕೈ ನಡುಕದಿಂದಾಗಿ ಮಾತ್ರೆಯನ್ನು ತಾವೇ ನಿಲ್ಲಿಸಿದ್ದಾರೆ, ಸಹಿ ಹಾಕುವುದು ಕಷ್ಟವಾಗಿತ್ತು ಎನ್ನುತ್ತಾರೆ" ಎಂದಿರಬೇಕಿತ್ತು. ಇದು ಸೌಜನ್ಯದ ಪ್ರಶ್ನೆ ಮಾತ್ರವಲ್ಲ. ಲಿಥಿಯಂ, ವಾಲ್‌ಪ್ರೊಯೇಟ್ (ಮನಸ್ಥಿತಿಯ ಏರಿಳಿತಕ್ಕೆ ಕೊಡುವ ಔಷಧಗಳು) ಎರಡರಿಂದಲೂ ನಡುಕ ಬರಬಹುದು. ಲಿಥಿಯಂ ರಕ್ತದಲ್ಲಿ ಹೆಚ್ಚಾದಾಗ ಒರಟು ನಡುಕ ವಿಷಪ್ರಭಾವದ ಮುನ್ಸೂಚನೆಯೂ ಆಗಿರಬಹುದು. ಕಾರಣ ಬರೆದಿದ್ದರೆ ಮುಂದಿನ ಡಾಕ್ಟರ್ ರಕ್ತಪರೀಕ್ಷೆ ಮಾಡಿಸುತ್ತಿದ್ದರು ಅಥವಾ ಪ್ರಮಾಣ ಇಳಿಸುತ್ತಿದ್ದರು. "ಅಸಹಕಾರ" ಎಂದು ಬರೆದದ್ದರಿಂದ ಅವರಿಗೆ ಮಾಡಲು ಏನೂ ಉಳಿಯಲಿಲ್ಲ, ಬುದ್ಧಿ ಹೇಳುವುದೊಂದನ್ನು ಬಿಟ್ಟು. ನಿಮ್ಮ ಫೈಲಿಗೆ ತಿದ್ದುಪಡಿ ಕೋರಿ ಲಿಖಿತ ಮನವಿ ಕೊಡಿ. ಹಳೆಯ ಸಾಲು ಅಳಿಯಲಿಕ್ಕಿಲ್ಲ, ಪಕ್ಕದಲ್ಲಿ ನಿಮ್ಮ ಹೇಳಿಕೆ ಸೇರಿಸಲು ಕೇಳಬಹುದು.

ಕರಿಕೋಟು

ರೋಗಿ ಓದುತ್ತಾರೆ ಎಂಬುದು ಈಗ ಊಹೆಯ ಮಾತಲ್ಲ. ಅಮೆರಿಕದಲ್ಲಿ 2010ರಲ್ಲಿ ಓಪನ್‌ನೋಟ್ಸ್ ಎಂಬ ಹೆಸರಿನಲ್ಲಿ ಪ್ರಯೋಗವಾಗಿ ಶುರುವಾದದ್ದು, 2021ರ ಏಪ್ರಿಲ್‌ನಿಂದ ಅಲ್ಲಿ ಹೆಚ್ಚುಕಡಿಮೆ ನಿಯಮವೇ ಆಗಿದೆ: ವೈದ್ಯರು ಬರೆದ ಟಿಪ್ಪಣಿ ರೋಗಿಗೆ ಆನ್‌ಲೈನ್‌ನಲ್ಲಿ ಸಿಗಬೇಕು. ಬೇರೆಯಾಗಿಟ್ಟ ಮನೋಚಿಕಿತ್ಸಾ ಟಿಪ್ಪಣಿಗೆ ವಿನಾಯಿತಿ ಇದೆ. ಭಾರತದ 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆಯ 25ನೇ ಸೆಕ್ಷನ್ ಕೂಡ ರೋಗಿಗಳಿಗೆ ತಮ್ಮ ಮೂಲಭೂತ ವೈದ್ಯಕೀಯ ದಾಖಲೆಗಳನ್ನು ನೋಡುವ ಹಕ್ಕನ್ನು ಕೊಡುತ್ತದೆ.

ಹೊಸಬಳು

"ಆತ್ಮಹತ್ಯೆಯ ಆಲೋಚನೆ ಇಲ್ಲ" ಎಂಬ ಸಾಲಿಗೆ ಮರಳಬಹುದೇ? ನಮ್ಮ ನಮೂನೆಯಲ್ಲಿ ಅದಕ್ಕೊಂದು ಚೌಕವಿದೆ, ಟಿಕ್ ಹಾಕಿದರೆ ಆಯಿತು. ಜೊತೆಗೆ ಕೆಲವರು ರೋಗಿಯಿಂದ "ನಾನು ಏನೂ ಮಾಡಿಕೊಳ್ಳುವುದಿಲ್ಲ" ಎಂದು ಬರೆಸಿ ಸಹಿಯನ್ನೂ ಹಾಕಿಸಿಕೊಳ್ಳುತ್ತಾರೆ. ಅದು ನಮಗೆ ರಕ್ಷಣೆ ಎನ್ನುತ್ತಾರೆ.

ಮರುಓದು

ಸಹಿ ಹಾಕಿಸುವುದನ್ನು ದಯವಿಟ್ಟು ಕಲಿಯಬೇಡಿ. ಆ ಕಾಗದ ಆತ್ಮಹತ್ಯೆಯನ್ನು ತಡೆಯುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಸಹಿ ಹಾಕಿದವರಿಗೆ, ಮನಸ್ಸು ಬದಲಾದಾಗ ನಿಮ್ಮ ಬಳಿ ಹೇಳಿಕೊಳ್ಳಲು ಮುಜುಗರವಾಗುತ್ತದೆ. ಅದು ಕಾನೂನಿನ ರಕ್ಷಣೆಯೂ ಅಲ್ಲ.

ಅದರ ಬದಲು ಸುರಕ್ಷತಾ ಯೋಜನೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಮತ್ತು ಬ್ರೌನ್ ರೂಪಿಸಿದ ಮಾದರಿ ಹೆಚ್ಚು ಬಳಕೆಯಲ್ಲಿದೆ. ಕೆಟ್ಟ ಗಳಿಗೆ ಬರುತ್ತಿದೆ ಎಂದು ಆ ವ್ಯಕ್ತಿಗೆ ಯಾವುದರಿಂದ ತಿಳಿಯುತ್ತದೆ, ಒಬ್ಬರೇ ಇದ್ದಾಗ ಏನು ಮಾಡಬಹುದು, ಮನಸ್ಸು ಬೇರೆಡೆ ಹೊರಳಿಸಲು ಯಾರ ಬಳಿ ಅಥವಾ ಎಲ್ಲಿಗೆ ಹೋಗಬಹುದು, ಯಾರ ಬಳಿ ನೆರವು ಕೇಳಬಹುದು, ಯಾವ ವೈದ್ಯರಿಗೆ ಅಥವಾ ಸಹಾಯವಾಣಿಗೆ ಕರೆ ಮಾಡಬೇಕು, ಮನೆಯಲ್ಲಿರುವ ಅಪಾಯದ ವಸ್ತುಗಳನ್ನು ಹೇಗೆ ದೂರ ಇಡಬೇಕು. ಈ ಆರು ಸಂಗತಿಗಳು ಅವರದೇ ಮಾತಿನಲ್ಲಿರಬೇಕು. ಟಿಪ್ಪಣಿಯಲ್ಲಿ "ಸುರಕ್ಷತಾ ಯೋಜನೆ ಮಾಡಲಾಗಿದೆ" ಎಂದಷ್ಟೇ ಬರೆದು ಬಿಡಬೇಡಿ, ಪ್ರತಿಯನ್ನು ಫೈಲಿಗೆ ಸೇರಿಸಿ.

ಇನ್ನು ಟಿಕ್ ಚೌಕ. ಹಾಕಿ, ಆದರೆ ಪಕ್ಕದಲ್ಲಿ ಒಂದು ವಾಕ್ಯ ಇರಲಿ. "ಇಲ್ಲ" ಎಂಬುದು ನಿಮ್ಮ ಪ್ರಶ್ನೆಗೆ ಬಂದ ಉತ್ತರವೇ? ಯಾವ ಪ್ರಶ್ನೆ? ಅವರ ನಡವಳಿಕೆ ಆ ಉತ್ತರಕ್ಕೆ ಹೊಂದುತ್ತಿತ್ತೇ? ಕಳೆದ ತಿಂಗಳು ಪ್ರಯತ್ನಿಸಿದವರು ಇಂದು ನಗುನಗುತ್ತಾ "ಇಲ್ಲ" ಎಂದರೆ ಆ "ಇಲ್ಲ" ಎಷ್ಟು ತೂಕದ್ದು ಎಂದು ನಿಮಗೇನು ಅನಿಸಿತು, ಅದನ್ನು ಬರೆಯಿರಿ. ಮನೆಯವರು ಬೇರೆ ಹೇಳುತ್ತಿದ್ದರೆ ಅದೂ ಬರಲಿ. ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಬರೆಯಿರಿ, ಕಲಸಬೇಡಿ.

"ಅಪಾಯ ಕಡಿಮೆ" ಎಂಬ ಎರಡು ಪದಗಳ ಬಗ್ಗೆ ನನಗೆ ವೈಯಕ್ತಿಕವಾಗಿ ಸಿಟ್ಟಿದೆ. ಯಾವುದಕ್ಕಿಂತ ಕಡಿಮೆ? ಎಷ್ಟು ಹೊತ್ತಿನವರೆಗೆ ಕಡಿಮೆ? ಕೆಲಸ ಹೋದರೆ, ಅಕ್ಕ ಊರಿಗೆ ಹೋದರೆ ಆಗಲೂ ಕಡಿಮೆಯೇ? ಯಾವುದು ಬದಲಾದರೆ ಅಪಾಯ ಏರುತ್ತದೆ ಎಂಬುದನ್ನು ಬರೆದರೆ ಮಾತ್ರ ಆ ಪದಗಳಿಗೆ ಬೆಲೆ.

ಕರಿಕೋಟು

ಇದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು. ಆತ್ಮಹತ್ಯೆಯನ್ನು ಮೊದಲೇ ಊಹಿಸಲಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹೊಣೆ ಮಾಡಲಾಗದು. ಆ ಹೊತ್ತಿಗೆ ಗೊತ್ತಿದ್ದ ಸಂಗತಿಗಳನ್ನಿಟ್ಟು ಅದೇ ವೃತ್ತಿಯ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಕೇಳಬೇಕಾದ್ದನ್ನು ಕೇಳಿ, ತೂಗಿ ನೋಡಿ ನಿರ್ಧರಿಸಿದರೇ ಎಂಬುದು ಪ್ರಶ್ನೆ. ತೂಗಿ ನೋಡಿದ್ದಕ್ಕೆ ಗುರುತು ಬೇಕಲ್ಲ? ಮರುಓದು ಅವರ ಮಾದರಿಯಲ್ಲಿ ಅದಿದೆ. ಆ ನಿರ್ಧಾರ ಮುಂದೆ ತಪ್ಪೆಂದು ಕಂಡುಬಂದರೂ ಆ ಟಿಪ್ಪಣಿಯನ್ನು ನಾನು ಸಮರ್ಥಿಸಿಕೊಳ್ಳಬಲ್ಲೆ. "ಅಪಾಯ ಕಡಿಮೆ" ಎಂಬುದನ್ನು ಸಮರ್ಥಿಸಲು ನನ್ನ ಕೈಯಲ್ಲಿ ಏನೂ ಇಲ್ಲ.

ಬೇರೆಯವರಿಗೆ ಬೆದರಿಕೆ ಇದ್ದಾಗಲೂ ಹೀಗೆಯೇ. ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 1976ರ ಟ್ಯಾರಸಾಫ್ ತೀರ್ಪಿನಲ್ಲಿ, ತಮ್ಮ ರೋಗಿಯಿಂದ ಮತ್ತೊಬ್ಬರಿಗೆ ಗಂಭೀರ ಅಪಾಯವಿದ್ದರೆ ಅವರನ್ನು ರಕ್ಷಿಸಲು ಸೂಕ್ತ ಕ್ರಮ ಕೈಗೊಳ್ಳುವ ಹೊಣೆ ಚಿಕಿತ್ಸಕರ ಮೇಲಿದೆ ಎಂದಿತು. ಎಲ್ಲ ಕಡೆಯೂ ಅದೇ ನಿಯಮ ಎಂದು ತಿಳಿಯಬೇಡಿ. ಆದರೆ ಎಲ್ಲಿದ್ದರೂ ಅಂಥ ದಿನ ಯಾರ ಹೆಸರು ಹೇಳಿದರು, ಯಾವ ಮಾತಿನಲ್ಲಿ ಹೇಳಿದರು, ನೀವು ಯಾವ ಹಿರಿಯರ ಸಲಹೆ ಕೇಳಿದಿರಿ, ಎಷ್ಟು ಗಂಟೆಗೆ, ಅವರು ಏನೆಂದರು ಇಷ್ಟನ್ನೂ ಬರೆಯಿರಿ.

ಸಂಜೆಪಾಳಿ

ಟಿಪ್ಪಣಿ ಬರೆಯುವ ನಮೂನೆಗಳಾದ ಸೋಪ್, ಡ್ಯಾಪ್, ಬರ್ಪ್ ಇವುಗಳಲ್ಲಿ ಯಾವುದು ಒಳ್ಳೆಯದು? ನಮ್ಮಲ್ಲಿ ಈ ವಿಷಯಕ್ಕೆ ಜಗಳವೇ ಆಗಿದೆ.

ಮರುಓದು

ಯಾವುದಾದರೂ ಆಗಲಿ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ಸಮಸ್ಯೆ ಆಧಾರಿತ ದಾಖಲೆಯ (ರೋಗಿಯ ಒಂದೊಂದು ಸಮಸ್ಯೆಯನ್ನೂ ಬೇರೆಯಾಗಿ ಬರೆಯುವ ಪದ್ಧತಿ) ಬಗ್ಗೆ ಬರೆದಾಗ ಅವರ ಕಾಳಜಿ ವೈದ್ಯರ ಯೋಚನೆ ಕಾಗದದ ಮೇಲೆ ಕಾಣಬೇಕು ಎಂಬುದಾಗಿತ್ತು. ಸೋಪ್ ಆ ಪದ್ಧತಿಯಿಂದಲೇ ಬಂದದ್ದು: ರೋಗಿ ಹೇಳಿದ್ದು, ನಾವು ಕಂಡದ್ದು, ನಮ್ಮ ಅಂದಾಜು, ಮುಂದಿನ ಯೋಜನೆ. ಡ್ಯಾಪ್‌ನಲ್ಲಿ ಮೊದಲೆರಡು ಒಂದಾಗುತ್ತವೆ. ಬರ್ಪ್‌ನಲ್ಲಿ ನೀವು ಮಾಡಿದ್ದಕ್ಕೆ ಮತ್ತು ಅದಕ್ಕೆ ಬಂದ ಪ್ರತಿಕ್ರಿಯೆಗೆ ಬೇರೆ ಜಾಗವಿದೆ, ಅದು ಹೊಸಬರಿಗೆ ಒಳ್ಳೆಯದು. ಯಾವ ನಮೂನೆಯಲ್ಲೂ ಜನ ಜಾರುವುದು ಅಂದಾಜಿನ ಜಾಗದಲ್ಲೇ. ಅಲ್ಲಿ "ಖಿನ್ನತೆ, ಯಥಾಸ್ಥಿತಿ" ಎಂದು ಬರೆದು ಎದ್ದುಬಿಡುತ್ತಾರೆ.

ವಾರ್ಡ್ ಹಕ್ಕಿ

ತಡವಾಗಿ ಬರೆಯುವುದರ ಬಗ್ಗೆಯೂ ಹೇಳಿ ವಕೀಲರೇ. ವಾರ್ಡಿನಲ್ಲಿ ಗಲಾಟೆಯಾದ ದಿನ ಬರೆಯಲು ಕೂರುವ ಹೊತ್ತಿಗೆ ಪಾಳಿಯೇ ಮುಗಿದಿರುತ್ತದೆ.

ಕರಿಕೋಟು

ತಡವಾದರೆ ತಡವಾಯಿತು ಎಂದೇ ಬರೆಯಿರಿ. "ಘಟನೆ 6.40ಕ್ಕೆ, ಬರೆದದ್ದು 9.15ಕ್ಕೆ, ಕಾರಣ ವಾರ್ಡಿನಲ್ಲಿ ತುರ್ತು ಪರಿಸ್ಥಿತಿ." ಇದರಲ್ಲಿ ತಪ್ಪೇನೂ ಇಲ್ಲ. ತಪ್ಪಾಗುವುದು 9.15ಕ್ಕೆ ಕುಳಿತು 6.45 ಎಂದು ಹಾಕಿದಾಗ. ಕಾಗದವಾದರೆ ತಪ್ಪು ಪದದ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಸಹಿ, ದಿನಾಂಕ, ಸಮಯ. ವೈಟ್‌ನರ್ ಬೇಡವೇ ಬೇಡ. ಕಂಪ್ಯೂಟರ್ ದಾಖಲೆಯಾದರೆ ಯಾರು, ಯಾವಾಗ, ಯಾವ ಅಕ್ಷರ ಬದಲಾಯಿಸಿದರು ಎಂಬುದು ಹಿಂದಿನಿಂದ ದಾಖಲಾಗುತ್ತಲೇ ಇರುತ್ತದೆ. ಅನಾಹುತವಾದ ಮರುದಿನ ಹಳೆಯ ಟಿಪ್ಪಣಿಯನ್ನು 'ಸ್ವಲ್ಪ ಸರಿಮಾಡಿದ್ದು' ಅನಾಹುತಕ್ಕಿಂತ ದೊಡ್ಡ ಪ್ರಕರಣವಾಗುತ್ತದೆ.

ಚುಟುಕು

ದಂಪತಿಯನ್ನು ಒಟ್ಟಿಗೆ ನೋಡುವವರಿಗೆ ಒಂದು ಎಚ್ಚರಿಕೆ. ಫೈಲು ಒಂದೋ ಎರಡೋ, ಒಬ್ಬರು ಪ್ರತಿ ಕೇಳಿದರೆ ಇನ್ನೊಬ್ಬರ ಮಾತನ್ನು ಏನು ಮಾಡುತ್ತೀರಿ ಎಂಬುದನ್ನು ಮೊದಲ ದಿನವೇ ಮಾತನಾಡಿ ಬರೆದುಕೊಳ್ಳಿ. ಜಗಳ ಶುರುವಾದ ಮೇಲೆ ಇಬ್ಬರಿಗೂ ನೀವೇ ಶತ್ರು. ಗುಂಪು ಚಿಕಿತ್ಸೆಯಲ್ಲಿ ಒಬ್ಬರ ಫೈಲಿನಲ್ಲಿ ಮತ್ತೊಬ್ಬರ ಹೆಸರು ಬರಲೇಬಾರದು.

ಸಂಜೆಪಾಳಿ

ಈಗ ಸೆಷನ್ ಕೇಳಿಸಿಕೊಂಡು ತಾನೇ ಟಿಪ್ಪಣಿ ಬರೆಯುವ ತಂತ್ರಾಂಶಗಳೂ ಬಂದಿವೆ. ಯಾರಾದರೂ ಬಳಸಿದ್ದೀರಾ?

ಚುಟುಕು

ಕೆಲವರು ತೋರಿಸಿದ್ದನ್ನು ನೋಡಿದ್ದೇನೆ. ವಾಕ್ಯಗಳು ನಯವಾಗಿರುತ್ತವೆ, ಆಡಿದ ಮಾತೆಲ್ಲ ಇರುತ್ತದೆ, ಬೇಡದ್ದೂ ಇರುತ್ತದೆ. ಹತ್ತು ನಿಮಿಷದ ಮೌನ ಮಾತ್ರ ಅದಕ್ಕೆ ಕಾಣುವುದಿಲ್ಲ. ಆಡದ ಮಾತನ್ನೂ ಒಮ್ಮೊಮ್ಮೆ ಸೇರಿಸಿರುತ್ತದೆ. ರೋಗಿಯ ಸ್ಪಷ್ಟ ಒಪ್ಪಿಗೆ ಇಲ್ಲದೆ, ಧ್ವನಿ ಎಲ್ಲಿ ಉಳಿಯುತ್ತದೆ ಎಂದು ತಿಳಿಯದೆ ಬಳಸಬೇಡಿ. ಕೆಳಗಿನ ಸಹಿ ನಿಮ್ಮದು ಎಂಬುದಂತೂ ಮರೆಯಬೇಡಿ.

ಹೊಸಬಳು

ಬಹಳ ಕಲಿತೆ, ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ರೋಗಿಗಳು ರಾತ್ರಿ ಹೊತ್ತು ಮೊಬೈಲಿಗೆ ಸಂದೇಶ ಕಳಿಸುತ್ತಾರೆ. "ಇವತ್ತು ತುಂಬಾ ಕಷ್ಟವಾಗಿದೆ ಮೇಡಂ" ಎಂಬಂಥದ್ದು. ಉತ್ತರ ಕೊಟ್ಟರೆ ಅದೂ ಫೈಲಿಗೆ ಹೋಗಬೇಕೇ?

ಕರಿಕೋಟು

ಹೋಗಬೇಕು. ಸಂದೇಶ ಬಂದ ಸಮಯ, ನೀವು ನೋಡಿದ ಸಮಯ, ಕೊಟ್ಟ ಉತ್ತರ. ಬಂದದ್ದಕ್ಕೂ ನೋಡಿದ್ದಕ್ಕೂ ನಡುವಿನ ಅಂತರವೇ ಒಂದು ದಿನ ಪ್ರಶ್ನೆಯಾಗಬಹುದು.

ಮರುಓದು

ಅದಕ್ಕಿಂತ ಮೊದಲು, ರಾತ್ರಿ ನೀವು ಸಂದೇಶ ನೋಡುವುದಿಲ್ಲ, ತುರ್ತಾದರೆ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿ, ಹೇಳಿದ್ದೀರೆಂದು ಫೈಲಿನಲ್ಲಿ ಬರೆಯಿರಿ.

ಆಚೆಕುರ್ಚಿ

ಹೇಳುವಾಗ ಸ್ವಲ್ಪ ನಿಧಾನವಾಗಿ ಹೇಳಿ ಮೇಡಂ, ಸಾಧ್ಯವಾದರೆ ಚೀಟಿಯಲ್ಲಿ ಬರೆದುಕೊಡಿ. ಮೊದಲ ಭೇಟಿಯಲ್ಲಿ ನಮ್ಮ ಕಿವಿಗೆ ಅರ್ಧ ಬೀಳುವುದೇ ಇಲ್ಲ.

ಹೊಸಬಳು

ಚೀಟಿ ಕೊಡುತ್ತೇನೆ. ಕೊಟ್ಟಿದ್ದೇನೆಂದು ಬರೆಯುತ್ತೇನೆ.